ಮೊದಲ ಬಿಲ್ ಎಲ್ಲಿದೆ?

ಆಕಾಶವಾಣಿ ಕೇಳುಗರಿಗೆಲ್ಲ ನಮಸ್ಕಾರ.

ಶಿರಸಿ, ಸಿದ್ದಾಪುರದ ಕಡೆ ಮನೆಗೆ ಯಾರೇ ಬರಲಿ, ಅವರು ಕಾಲು ತೊಳೆದು ಕೂರುವ ಮೊದಲೇ ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ. ಬೇಸಿಗೆಯಾದರೆ ಮುರುಗಲ, ಅಂದರೆ ಪುನರ್ಪುಳಿ ಹಣ್ಣಿನ, ಪಾನಕ ಬರುತ್ತದೆ. ಅದೇ ಪಾನಕವನ್ನು ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ ಮಾರುವವರು ಈಗ ಊರಿಗೆ ನಾಲ್ಕು ಜನ ಇದ್ದಾರೆ. ಇವತ್ತಿನ ಮಾತು ಅವರಿಗೆ. ಪಾನಕ ಮಾಡುವುದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ. ನಾನು ಟ್ರೇಡ್‌ಮಾರ್ಕ್ ವಕೀಲ. ಬಾಟಲಿಯ ಮೇಲಿನ ಹೆಸರಷ್ಟೇ ನನ್ನ ಕಸುಬು.

ಆ ಹೆಸರು ಯಾರದ್ದು? ಹೆಸರು ಹೊಳೆದವನದ್ದಾ? ದುಡ್ಡು ಹಾಕಿದವನದ್ದಾ? ಎರಡೂ ಅಲ್ಲ. ಆ ಹೆಸರಲ್ಲಿ ಮೊದಲು ಮಾರಿದವನದ್ದು. ಮಾರಿದ್ದಕ್ಕೆ ಸಾಕ್ಷಿ ಬಿಲ್. ಅದಕ್ಕೇ ನನ್ನ ಹತ್ತಿರ ಯಾರೇ ಬಂದರೂ ಮೊದಲು ಕೇಳುವುದು ಒಂದೇ ಮಾತು: ಮೊದಲ ಬಿಲ್ ಎಲ್ಲಿದೆ?

ಇದೆಲ್ಲ ದೊಡ್ಡ ಕಂಪನಿಗಳ ಜಗಳ, ನಮಗ್ಯಾಕೆ ಅನ್ನಬೇಡಿ. ದೊಡ್ಡವರದ್ದೂ ಇದೇ ಜಗಳ. ಮಾಝಾ ಕುಡಿದಿದ್ದೀರಿ ಅಲ್ವಾ? 1993ರಲ್ಲಿ ಪಾರ್ಲೆಯ ರಮೇಶ್ ಚೌಹಾಣ್ ಅವರು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಜೊತೆ ಮಾಝಾವನ್ನೂ ಕೋಕಾ-ಕೋಲಾಕ್ಕೆ ಮಾರಿದರು. 2008ರಲ್ಲಿ ಕೋಕಾ-ಕೋಲಾ ಟರ್ಕಿ ದೇಶದಲ್ಲೂ ಆ ಹೆಸರನ್ನು ನೋಂದಾಯಿಸಲು ಹೊರಟಿತು. ಮಾರಿದ ಕಡೆಯವರು, ಅಂದರೆ ಈಗಿನ ಬಿಸ್ಲೇರಿಯವರು, ತಕರಾರು ತೆಗೆದರು. ಕೊಟ್ಟಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಗುದ್ದಾಟ. 2009ರಲ್ಲಿ ದೆಹಲಿ ಹೈಕೋರ್ಟ್ ಬಿಸ್ಲೇರಿಗೆ ಮಧ್ಯಂತರ ತಡೆ ಹಾಕಿತು. ಹೊರದೇಶಕ್ಕೆ ಕಳಿಸುವುದಕ್ಕೂ ಇಲ್ಲಿ ಆ ಹೆಸರಿನಲ್ಲಿ ತಯಾರಿಸುವಂತಿಲ್ಲ ಅಂತಾಯಿತು. ಅವರ ಹತ್ತಿರ ಕಟ್ಟುಗಟ್ಟಲೆ ಕರಾರುಪತ್ರ ಇತ್ತು, ಆದರೂ ಇಷ್ಟು ರಗಳೆ. ನಮ್ಮಲ್ಲಿ ಅದೂ ಇರುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ನಡೆದದ್ದು. ಹೆಸರು ಹೇಳಬೇಡಿ ಎಂದು ಇಬ್ಬರೂ ಕೈಮುಗಿದಿದ್ದಾರೆ.

ಒಬ್ಬ ಭಾವ, ಒಬ್ಬ ಭಾವಮೈದ. ಭಾವ ಅಡಿಕೆ ತೋಟದ ಜೊತೆಗೆ ಮುರುಗಲ ಶರಬತ್ತು ಶುರುಮಾಡಿದ. ಆಯಿಯನ್ನು ಮನೆಯವರು ಮುದ್ದಿಗೆ ಕರೆಯುತ್ತಿದ್ದ ಹೆಸರನ್ನೇ ಬಾಟಲಿಗೂ ಇಟ್ಟ. ಮೂರು ವರ್ಷದ ಮೇಲೆ ಭಾವಮೈದ ಬಂದು ಸೇರಿಕೊಂಡ. ಬುದ್ಧಿವಂತ ಹುಡುಗ, ಕುಮಟಾ, ಅಂಕೋಲಾ, ಕಾರವಾರದ ಅಂಗಡಿಗಳಿಗೆಲ್ಲ ಮಾಲು ಮುಟ್ಟಿಸಿದ. ಆಮೇಲೆ ಲೆಕ್ಕದ ವಿಷಯಕ್ಕೆ ಮುನಿಸು ಬಂತು. ಊರ ಹಿರಿಯರನ್ನು ಕೂರಿಸಿ ಪಾಲು ಮಾಡಿಕೊಂಡರು. ಆ ಪಾಲುಪಟ್ಟಿಯನ್ನು ನಾನು ಓದಿದ್ದೇನೆ. ದೊಡ್ಡ ಹಂಡೆ ಭಾವನಿಗೆ, ಮುಚ್ಚಳ ಒತ್ತುವ ಮಷೀನು ಭಾವಮೈದನಿಗೆ. ಖಾಲಿ ಬಾಟಲಿ ಅರ್ಧರ್ಧ. ಉಳಿದ ಲೇಬಲ್ ಕೂಡ ಎಣಿಸಿ ಅರ್ಧರ್ಧ! ಸಟ್ಟುಗ ಯಾರಿಗೆ ಅಂತಲೂ ಬರೆದಿದ್ದರು. ಹೆಸರು ಯಾರಿಗೆ ಅಂತ ಮಾತ್ರ ಒಂದು ಸಾಲೂ ಇರಲಿಲ್ಲ.

ಮುಂದಿನ ಬೇಸಿಗೆಗೆ ಇಬ್ಬರೂ ಅದೇ ಹೆಸರಲ್ಲಿ ಮಾರಿದರು. ಒಂದಿಷ್ಟು ಬಾಟಲಿ ಹುಳಿ ಬಂದು, ಮುಚ್ಚಳ ಹಾರಿ, ಅಂಗಡಿಯವನ ಅಂಗಿಯೆಲ್ಲ ಕೆಂಪಾಯಿತು. ನನ್ನದಲ್ಲ ಅವನದ್ದು ಎಂದು ಇವನು, ಅವನದ್ದೇ ಎಂದು ಅವನು. ಕೊನೆಗೆ ಎರಡು ಬಾಟಲಿ ನನ್ನ ಮೇಜಿನ ಮೇಲೆ ಬಂದು ನಿಂತವು. ಒಂದೇ ಲೇಬಲ್, ಒಂದೇ ಆಯಿ. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಳದಿ. ಅಷ್ಟೇ ವ್ಯತ್ಯಾಸ.

ಭಾವಮೈದ ಅಷ್ಟರಲ್ಲೇ ಹೆಸರನ್ನು ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಾಗಿತ್ತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಭಾವನ ಮುಖ ಬಾಡಿಹೋಗಿತ್ತು. ನಾನು ಕೇಳಿದೆ, ಮೊದಲ ಬಿಲ್ ಎಲ್ಲಿದೆ?

ಭಾವಮೈದ ತನ್ನ ಅರ್ಜಿ ತೋರಿಸಿದ. ‘2013ರಿಂದ ಮಾರುತ್ತಿದ್ದೇನೆ, ಆ ವರ್ಷ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕಿದ್ದೆ’ ಎಂದ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ. 2012ಕ್ಕೆ ಆಗಿತ್ತು, ಮತ್ತೆ 2014ಕ್ಕೆ. 2013ರಲ್ಲಿ ಇವನು ಅಂಗಡಿ ಹಾಕಿದ್ದಾದರೂ ಎಲ್ಲಿ?

ಭಾವ ಮನೆಗೆ ಹೋಗಿ ಅಟ್ಟ ಹತ್ತಿದ. ಮರುದಿನ ಒಂದು ಗೋಣಿಚೀಲ ತಂದ. ಅರ್ಧ ಗೆದ್ದಲು ತಿಂದಿತ್ತು. ಅದರೊಳಗೆ 2012ರ ಜಾತ್ರೆಯ ಅಂಗಡಿ ಬಾಡಿಗೆ ರಶೀದಿ, ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್. ಪ್ರೆಸ್ಸಿನ ಬಿಲ್ಲಿನಲ್ಲಿ ಆಯಿಯ ಹೆಸರು ಅಳಿಯದೆ ನಿಂತಿತ್ತು, ತಾರೀಖೂ ಇತ್ತು. ಗೆದ್ದಲು ಇನ್ನೆರಡು ಇಂಚು ಮುಂದೆ ಬಂದಿದ್ದರೆ ನನ್ನ ಕೈಯಲ್ಲೂ ಏನೂ ಆಗುತ್ತಿರಲಿಲ್ಲ.

ನೋಂದಣಿ ಮೊದಲು ಮಾಡಿಸಿದವನಿಗಿಂತ ಮೊದಲು ಮಾರಿದವನ ಹಕ್ಕು ದೊಡ್ಡದು. ನಮ್ಮ ದೇಶದ ಕಾನೂನು ಹೀಗಿದೆ. ಕೋರ್ಟಿಗೆ ಹೋಗಲಿಲ್ಲ. ಭಾವಮೈದ ಹೆಸರನ್ನು ಭಾವನಿಗೆ ಬರೆದುಕೊಟ್ಟ, ಬೇರೆ ಹೆಸರಿಟ್ಟುಕೊಂಡ. ಈಗ ಮಾತಾಡುತ್ತಾರೆ. ಮದುವೆ ಮನೆಯಲ್ಲಿ ಮಾತ್ರ.

ಕಥೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ನೋಂದಣಿಯೂ ಬೇಕು, ಬೇಡ ಅಂದಿಲ್ಲ. ನೋಂದಣಿಗೆ ಸರಕುಗಳನ್ನು ವರ್ಗ ವರ್ಗವಾಗಿ ವಿಂಗಡಿಸಿದ್ದಾರೆ, ಶರಬತ್ತು, ಸೋಡಾ, ನೀರು ಎಲ್ಲ 32ನೇ ವರ್ಗದಲ್ಲಿ ಬರುತ್ತವೆ. ಒಬ್ಬನೇ ವ್ಯಕ್ತಿ ಅಥವಾ ಸಣ್ಣ ಉದ್ದಿಮೆಯಾದರೆ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ. ನಮ್ಮ ರಾಜ್ಯಕ್ಕೆ ಚೆನ್ನೈಯ ಟ್ರೇಡ್‌ಮಾರ್ಕ್ ಕಚೇರಿ. ನೋಂದಣಿ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಸುಮ್ನೆ ‘ಮುರುಗಲು’ ಅಂತಲೋ, ಕಾರವಾರದವರ ಹಾಗೆ ‘ಭಿರಂಡ’ ಅಂತಲೋ ಹೆಸರು ಕೇಳಬೇಡಿ, ಕೊಡುವುದಿಲ್ಲ. ಹಣ್ಣಿನ ಹೆಸರು ಎಲ್ಲರದ್ದು.

ಬೇರೆಯವರು ನಿಮ್ಮ ಹೆಸರು ಹಾಕಿಕೊಂಡಿದ್ದು ಕಂಡರೆ ನೋಡಿಕೊಂಡು ಕೂರಬೇಡಿ. ಬೆಂಗಳೂರಿನ ಖೋಡೆಯವರ ಪೀಟರ್ ಸ್ಕಾಟ್ ವಿಸ್ಕಿ ಹೆಸರಿನ ಮೇಲೆ ಸ್ಕಾಟ್ಲೆಂಡಿನವರು ತಕರಾರು ತೆಗೆದಿದ್ದರು. ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದರು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆಯವರ ಕಡೆಗೇ ತೀರ್ಪು ಕೊಟ್ಟಿತು.

ಸಂಘದ ಅಕ್ಕಂದಿರೇ, ಸಂಘದ ಶರಬತ್ತಿಗೆ ಸಂಘದ ಹೆಸರಲ್ಲೇ ಅರ್ಜಿ ಹಾಕಿ. ಅಧ್ಯಕ್ಷರ ಮಗನಿಗೆ ಕಂಪ್ಯೂಟರ್ ಬರುತ್ತದೆ ಎಂದು ಅವನ ಹೆಸರಲ್ಲಿ ಹಾಕಿಸಬೇಡಿ. ಇನ್ನೊಂದು, ಈಗಿನ ಮಷೀನಿನಿಂದ ಬರುವ ನುಣುಪು ಕಾಗದದ ಬಿಲ್ ಕೆಲವು ತಿಂಗಳಿಗೇ ಬಿಳಿಚಿಕೊಳ್ಳುತ್ತದೆ. ಜೆರಾಕ್ಸ್ ಮಾಡಿಸಿ. ಮತ್ತೆ ಅಟ್ಟದ ಮೇಲೆ ಇಡಬೇಡಿ, ಕಬ್ಬಿಣದ ಟ್ರಂಕಿನಲ್ಲಿಡಿ. ನಮಸ್ಕಾರ.