ಹಾಲು ಸರ್ಕಾರದ್ದು, ಕಾಳು ನಮ್ಮದು

ಕೇಳುಗರಿಗೆ ನಮಸ್ಕಾರ.

ಇದು ಊಟ ಮುಗಿಯುವ ಹೊತ್ತು. ನಿಮ್ಮ ರೇಡಿಯೋ ಅಡುಗೆಮನೆಯಲ್ಲೇ ಇದ್ದರೆ ಒಳ್ಳೆಯದೇ ಆಯಿತು. ಡಬ್ಬಿಯಿಂದ ಒಂದು ಚಿಟಿಕೆ ಗಸಗಸೆ ಅಂಗೈಗೆ ಹಾಕಿಕೊಳ್ಳಿ. ಮಕ್ಕಳ ಭೂತಗನ್ನಡಿ ಇದ್ದರೆ ಅದನ್ನೂ ತನ್ನಿ. ಕಂಡಿತಾ? ಒಂದೊಂದು ಕಾಳೂ ಪುಟಾಣಿ ಗೋಡಂಬಿ ಥರ ಬಾಗಿದೆ. ಮೈತುಂಬ ಜೇನುಹಟ್ಟಿಯ ಹಾಗೆ ಬಲೆ. ಒಂದು ಗ್ರಾಮ್ ತೂಗಿದರೆ ಎರಡು ಸಾವಿರಕ್ಕೂ ಜಾಸ್ತಿ ಕಾಳು ಬರುತ್ತವೆ.

ನಾನು ಬಹಳ ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಗಸಗಸೆಯೂ ಅಫೀಮೂ ಒಂದೇ ಗಿಡದ್ದು ಅಂತ ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. 'ಮೇಡಂ, ಗಸಗಸೆ ಪಾಯಸ ಕುಡಿದರೆ ನಿದ್ದೆ ಬರೋದು ಅದಕ್ಕೇ ಅಲ್ವಾ?' ಅಲ್ಲ. ಪ್ರತಿ ವರ್ಷ ಅದೇ ಪ್ರಶ್ನೆ, ಪ್ರತಿ ವರ್ಷ ಅದೇ ಉತ್ತರ. ಬಾಳೆ ಎಲೆ ತುಂಬ ಬಡಿಸಿಕೊಂಡು, ನಾಲ್ಕು ಹೋಳಿಗೆಗೆ ತುಪ್ಪ ಸುರಿದುಕೊಂಡು, ಮೇಲೆ ಎರಡು ಲೋಟ ಪಾಯಸ ಕುಡಿದರೆ ನಿದ್ದೆ ಬರದೆ ಇನ್ನೇನು ಬರಬೇಕು? ಅಮಲು ಇರುವುದು ಕಾಯಿಯ ಗೋಡೆಯಲ್ಲಿ. ಕಾಳಿನಲ್ಲಲ್ಲ. ಇವತ್ತು ನಾನು ಬೇರೆ ಏನು ಹೇಳಿದರೂ ಮರೆತುಬಿಡಿ, ಇದೊಂದನ್ನು ಮರೆಯಬೇಡಿ.

ಇನ್ನೊಂದು ಗೊಂದಲ ಇದೆ, ಅದನ್ನೂ ಈಗಲೇ ಮುಗಿಸಿಬಿಡುತ್ತೇನೆ. ಬೀದಿ ಬದಿಯಲ್ಲಿ ಗಸಗಸೆ ಹಣ್ಣಿನ ಮರ ಅಂತ ಇರುತ್ತದಲ್ಲ, ಮಕ್ಕಳು ಕೆಂಪು ಹಣ್ಣು ಕಿತ್ತು ಚೀಪುತ್ತಾರಲ್ಲ, ಅದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಅದು ಅಮೆರಿಕ ಖಂಡದಿಂದ ಬಂದ ಮರ. ಹಣ್ಣಿನೊಳಗೆ ಸಣ್ಣ ಸಣ್ಣ ಬೀಜ ಇರುವುದಕ್ಕೆ ನಮ್ಮವರು ಆ ಹೆಸರಿಟ್ಟರು, ಅಷ್ಟೇ.

ನಿಜವಾದ ಗಸಗಸೆ ಗಿಡ ಸೊಂಟದೆತ್ತರದ್ದು. ಚಳಿಗಾಲದ ಬೆಳೆ. ಮೊಗ್ಗು ತಲೆ ತಗ್ಗಿಸಿಕೊಂಡಿರುತ್ತದೆ, ಅರಳುವಾಗ ನೆಟ್ಟಗಾಗುತ್ತದೆ. ಎಸಳು ನಾಲ್ಕೇ. ಅವು ಬೇಗ ಉದುರಿ, ಗೋಲಿಗಿಂತ ದಪ್ಪನೆಯ ಹಸಿರು ಕಾಯಿ ಉಳಿಯುತ್ತದೆ. ತಲೆ ಮೇಲೆ ಒಂದು ಕಿರೀಟ. ಆ ಕಾಯಿಯ ಗೋಡೆಯೊಳಗೆ ಹಾಲಿನ ನಾಳಗಳಿವೆ. ಬೀಜದೊಳಗೆ ಅಂಥ ನಾಳವೇ ಇಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಮಧ್ಯಪ್ರದೇಶದ ಮಂದಸೌರ್ ಹತ್ತಿರದ ಒಂದು ಹಳ್ಳಿಯಲ್ಲಿ. ಫೆಬ್ರುವರಿ ತಿಂಗಳು, ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಹೊಲ ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಇರಬಹುದು. ಪಟ್ಟಾ, ಅಂದರೆ ಲೈಸೆನ್ಸು, ಸಿಕ್ಕಿದ್ದೇ ಅಷ್ಟಕ್ಕೆ. ಸುತ್ತ ಬೇಲಿ, ಮೇಲೆ ಗಿಳಿಗಳಿಗಾಗಿ ಬಲೆ. ಆ ಸೀಮೆಯ ಗಿಳಿಗಳು ಕಾಯಿಯನ್ನೇ ಕಚ್ಚಿಕೊಂಡು ಹಾರಿಬಿಡುತ್ತವೆ. ಮೂಲೆಯಲ್ಲಿ ಒಂದು ಮಂಚ. ರಾತ್ರಿ ಮನೆಯವರಲ್ಲಿ ಒಬ್ಬರು ಅಲ್ಲೇ ಮಲಗಬೇಕು.

ಮಧ್ಯಾಹ್ನ ಬಿಸಿಲು ಚುರುಕಾದ ಮೇಲೆ ಗೀರುವ ಕೆಲಸ ಶುರುವಾಯಿತು. ಅವರು ಅದಕ್ಕೆ 'ಚೀರಾ' ಅಂತಾರೆ. ಮೂರು ನಾಲ್ಕು ಚೂಪು ಮೊಳೆ ಜೋಡಿಸಿ ಕಟ್ಟಿದಂಥ ಪುಟ್ಟ ಉಪಕರಣ. ಕಾಯಿ ಹಿಡಿದು ಉದ್ದಕ್ಕೆ ಒಂದು ಗೀರು. ತಕ್ಷಣ ಬೆಳ್ಳನೆ ಹಾಲು ಹನಿ ಹನಿಯಾಗಿ ಗೀರಿನ ಮೇಲೆ ನಿಂತಿತು. ಎಲ್ಲರೂ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಗೀರುತ್ತಿದ್ದರು. ಯಾಕಪ್ಪಾ ಅಂದರೆ, ಮುಂದಕ್ಕೆ ನಡೆದರೆ ಗೀರಿದ ಕಾಯಿಗಳು ಬಟ್ಟೆಗೆ ತಾಗಿ ಹಾಲೆಲ್ಲ ಸೀರೆ ಪಾಲು! ನನ್ನ ಹುಡುಗನೊಬ್ಬ ತಾನೂ ಗೀರುತ್ತೇನೆ ಅಂತ ಹೋಗಿ ಬೈಸಿಕೊಂಡ. ಮೇಲೆ ಮೇಲೆ ಗೀರಿದರೆ ಹಾಲು ಬರುವುದಿಲ್ಲ. ಆಳಕ್ಕೆ ಇಳಿದರೆ ಹಾಲು ಕಾಯಿಯ ಒಳಗೆ ಸುರಿದು ಕಾಳು ಕೆಡುತ್ತದೆ. ಗಮನಿಸಿದಿರಾ? ಗೋಡೆಯ ಹಾಲು ಒಳಗೆ ಹೋಗಬಾರದು ಅಂತ ಆ ಹೆಂಗಸರು ಅಷ್ಟು ಹುಷಾರಾಗಿ ಗೀರುತ್ತಾರೆ.

ಮಾರನೇ ದಿನ ಬೆಳಿಗ್ಗೆ ಬೇಗ ಹೋದೆವು. ಇಬ್ಬನಿ ಇತ್ತು. ನಿನ್ನೆಯ ಬಿಳಿ ಹಾಲು ಕಂದು ಬಣ್ಣದ ಅಂಟಾಗಿತ್ತು. ಅದೇ ಅಫೀಮು. ಹೊಲದ ತುಂಬ ಒಂಥರಾ ಹಸಿ ಕಹಿ ವಾಸನೆ. ನನಗಂತೂ ಅರ್ಧ ಗಂಟೆಯಲ್ಲೇ ತಲೆ ಭಾರವಾಯಿತು. ಚಪ್ಪಟೆ ಕಬ್ಬಿಣದಿಂದ ಅಂಟನ್ನು ಕೆರೆದು ಪಾತ್ರೆಗೆ ಹಾಕಿ, ಅವತ್ತವತ್ತಿನದನ್ನು ಅವತ್ತೇ ತೂಗಿ, ಇದರ ಲೆಕ್ಕ ಇಡುವ ಊರಿನ ಲಂಬರ್‌ದಾರನ ಪುಸ್ತಕದಲ್ಲಿ ಬರೆಸಬೇಕು. ಒಂದು ತೊಲ ಆಚೀಚೆ ಆದರೂ ತಕರಾರು. ಅಷ್ಟೂ ಸರ್ಕಾರಕ್ಕೇ ಹೋಗಬೇಕು.

ಆ ಮನೆಯ ಅಜ್ಜಿ ನಮಗೆಲ್ಲ ಚಹಾ ಕೊಟ್ಟು, ಒಳಗಿನಿಂದ ಒಂದು ಹಿತ್ತಾಳೆ ಡಬ್ಬಿ ತಂದರು. ಹೋದ ವರ್ಷದ ಗಸಗಸೆ. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ಜಗಿಯುತ್ತಾ, ನನ್ನ ಕೈಗೂ ಸುರಿದರು. ನನ್ನ ಹುಡುಗರು ಕಣ್ಣು ಕಣ್ಣು ಬಿಟ್ಟರು. ಅಜ್ಜಿಗೆ ನಗು. 'ದೂಧ್ ಸರ್ಕಾರ್ ಕಾ, ದಾನಾ ಹಮಾರಾ, ಬೆಹನ್‌ಜೀ' ಅಂದರು. ಹಾಲು ಸರ್ಕಾರದ್ದು, ಕಾಳು ನಮ್ಮದು. ನಾನು ಇಡೀ ವರ್ಷ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದುದನ್ನು ಆಯಮ್ಮ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ನಮ್ಮ 1985ರ ಮಾದಕ ವಸ್ತು ಕಾಯ್ದೆಯೂ ಅದನ್ನೇ ಹೇಳುತ್ತದೆ. ಕೊಯ್ಲಾದ ಗಿಡದ ಯಾವ ಭಾಗವೂ ನಿಮ್ಮ ಹತ್ತಿರ ಸುಮ್ಮಸುಮ್ಮನೆ ಇರುವ ಹಾಗಿಲ್ಲ, ಬೀಜ ಒಂದನ್ನು ಬಿಟ್ಟು. ಹಾಗಂತ ಹಿತ್ತಲಲ್ಲಿ ನಾಲ್ಕು ಕಾಳು ಚೆಲ್ಲಿ ನೋಡೋಣ ಅಂತ ಹೋಗಬೇಡಿ. ಪಟ್ಟಾ ಇಲ್ಲದೆ ಬೆಳೆದರೆ ಜೈಲು.

ಅಯ್ಯೋ, ಅರ್ಧಕ್ಕಿಂತ ಜಾಸ್ತಿ ಸಮಯ ಮಂದಸೌರ್‌ನಲ್ಲೇ ಕಳೆದುಹೋಯಿತು. ಗಾಜಿನ ಆಚೆಯಿಂದ ಆಗಲೇ ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಆ ಅಂಟಿನಿಂದ 1800ರ ದಶಕದ ಆರಂಭದಲ್ಲಿ ಸೆರ್ಟುರ್ನರ್ ಅನ್ನುವ ಜರ್ಮನ್ ಔಷಧ ವ್ಯಾಪಾರಿ ಮಾರ್ಫಿನ್ ಬೇರ್ಪಡಿಸಿದ. ಗ್ರೀಕರ ಕನಸಿನ ದೇವರು ಮಾರ್ಫಿಯಸ್, ಅವನ ಹೆಸರೇ ಮದ್ದಿಗೂ ಬಂತು. ಕ್ಯಾನ್ಸರ್ ರೋಗಿಯ ಕಡೆಗಾಲದ ನೋವಿಗೆ ಇವತ್ತಿಗೂ ಅದೇ ಗತಿ. ಕೆಮ್ಮಿನ ಕೊಡೀನ್ ಕೂಡ ಇದೇ ಕಾಯಿಯದು. ಮಾರ್ಫಿನ್ನನ್ನೇ ಮಾರ್ಪಡಿಸಿದ ಹೆರಾಯಿನ್ನನ್ನು 1898ರಲ್ಲಿ ಬೇಯರ್ ಕಂಪನಿ ಔಷಧಿ ಅಂತಲೇ ಮಾರುಕಟ್ಟೆಗೆ ಬಿಟ್ಟಿತ್ತು!

ಅಫೀಮಿನ ವ್ಯಾಪಾರದ ಕಥೆ ಇನ್ನೂ ಕೆಟ್ಟದ್ದು. ಈಸ್ಟ್ ಇಂಡಿಯಾ ಕಂಪನಿ ಗಂಗಾ ಬಯಲಿನ ರೈತರಿಂದ ಬೆಳೆಸಿ, ಪಾಟ್ನಾ ಮತ್ತು ಗಾಜೀಪುರದಲ್ಲಿ ಉಂಡೆ ಕಟ್ಟಿಸಿ, ಪೆಟ್ಟಿಗೆಗೆ 40 ಉಂಡೆಯಂತೆ ತುಂಬಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಅಲ್ಲಿಂದ ಚೀನಾಕ್ಕೆ. 1839ರಲ್ಲಿ ಲಿನ್ ಜೆಶು ಅನ್ನುವ ಚೀನಾದ ಅಧಿಕಾರಿ 20 ಸಾವಿರಕ್ಕೂ ಜಾಸ್ತಿ ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಸುಣ್ಣ ಉಪ್ಪು ಬೆರೆಸಿ ಹಾಳು ಮಾಡಿಸಿದ. ಬ್ರಿಟಿಷರು ಯುದ್ಧಕ್ಕೇ ಹೋದರು, 1842ರ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಕಿತ್ತುಕೊಂಡರು. ಗಾಜೀಪುರದ ಆ ಕಾರ್ಖಾನೆ ಈಗ ನಮ್ಮ ಸರ್ಕಾರದ ಕೈಯಲ್ಲಿದೆ. ಇನ್ನೊಂದು ಮಧ್ಯಪ್ರದೇಶದ ನೀಮಚ್‌ನಲ್ಲಿದೆ. ಕಳ್ಳ ಬೆಳೆಯ ಮಾತು ಬಂದರೆ ಮೊದಲೆಲ್ಲ ಅಫ್ಘಾನಿಸ್ತಾನವೇ ಮುಂದಿತ್ತು. 2022ರಲ್ಲಿ ತಾಲಿಬಾನ್ ನಿಷೇಧ ಹಾಕಿದ ಮೇಲೆ ಒಂದೇ ವರ್ಷದಲ್ಲಿ ಅಲ್ಲಿನ ಬೆಳೆ ನೂರಕ್ಕೆ 95ರಷ್ಟು ಇಳಿಯಿತು. ಈಗ ಮ್ಯಾನ್ಮಾರ್ ಮುಂದೆ ಬಂದಿದೆ.

ಸಾಹಿತ್ಯದ ಬಗ್ಗೆಯೂ ಹೇಳಿ ಅಂದಿದ್ದರು. ಗ್ರೀಕ್ ಕವಿ ಹೋಮರನ ಇಲಿಯಡ್‌ನಲ್ಲಿ ಬಾಣ ತಗುಲಿದ ಯೋಧನೊಬ್ಬನ ತಲೆ, ಕಾಯಿಭಾರಕ್ಕೂ ಮಳೆಗೂ ಬಾಗಿದ ಗಸಗಸೆಯ ಹಾಗೆ ವಾಲುತ್ತದೆ. ಬಲಿತ ಕಾಯಿ ಸಾಮಾನ್ಯವಾಗಿ ನೆಟ್ಟಗೇ ನಿಲ್ಲುತ್ತದೆ. ಮಳೆ ಅಂತ ಸೇರಿಸಿದ್ದಕ್ಕೆ ಹೋಮರ ಬಚಾವಾದ. ಇನ್ನು ಮೊದಲ ಮಹಾಯುದ್ಧದ ನೆನಪಿಗೆ ಬ್ರಿಟನ್‌ನಲ್ಲಿ ನವೆಂಬರ್‌ನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಹೂವು ಗಸಗಸೆಯದೇ ಬೇರೆ ಜಾತಿಯದು. ಅದರಲ್ಲಿ ಮಾರ್ಫಿನ್ ಇಲ್ಲ. ಆ ಯುದ್ಧದಲ್ಲಿ ಫಿರಂಗಿ ಗುಂಡಿಗೆ ನೆಲ ಬಗೆದುಹೋಗಿ, ಮಣ್ಣಲ್ಲಿ ಮಲಗಿದ್ದ ಬೀಜಕ್ಕೆ ಬೆಳಕು ತಾಗಿ ಅಷ್ಟು ಹೂವು ಅರಳಿದವು.

ಕೊನೆಗೆ ಒಂದು ಕೆಲಸದ ಮಾತು. ಮಗಳ ಬಾಣಂತನಕ್ಕೆ ಅಂತ ದುಬೈಗೆ ಹೊರಟ ತಾಯಂದಿರು ಯಾರಾದರೂ ಕೇಳುತ್ತಿದ್ದರೆ, ದಯವಿಟ್ಟು ಗಸಗಸೆ ಕಟ್ಟಿಕೊಂಡು ಹೋಗಬೇಡಿ. ಕಾಳಿನಲ್ಲಿ ಅಮಲಿಲ್ಲ ಅಂತ ಈಗ ತಾನೇ ಹೇಳಿದೆ, ಹೌದು. ಆದರೆ ಕೊಯ್ಲಿನಲ್ಲಿ ಕಾಯಿಯ ಪುಡಿ ಒಂದಿಷ್ಟು ಅದರ ಮೈಗೆ ಅಂಟಿರುತ್ತದೆ, ಆ ದೇಶದ ಕಾನೂನು ಗಸಗಸೆಯನ್ನೇ ನಿಷೇಧಿಸಿದೆ. ಅಲ್ಲಿ ನಿಂತು ಕಾಯಿಯ ಗೋಡೆ, ಹಾಲಿನ ನಾಳ ಅಂತ ನೀವು ಎಷ್ಟು ವಿವರಿಸಿದರೂ ಯಾರೂ ಕೇಳುವುದಿಲ್ಲ. ಡಬ್ಬಿ ಅಡುಗೆಮನೆಯಲ್ಲೇ ಇರಲಿ. ಪಾಯಸ ವಾಪಸ್ ಬಂದ ಮೇಲೆ ಮಾಡಿಕೊಳ್ಳಿ. ನಮಸ್ಕಾರ.