ಪೆಟ್ಟಿಗೆ ಕಾಯುತ್ತೆ, ಟ್ರ್ಯಾಕ್ ಕಾಯಲ್ಲ

ಕೇಳುಗರಿಗೆ ನಮಸ್ಕಾರ. ನಾನು ನಾಟಕಕ್ಕೆ ಹಾರ್ಮೋನಿಯಂ ನುಡಿಸುವವನು. ನಮ್ಮ ಹಳ್ಳಿಗಳ ಕಡೆ ಅದಕ್ಕೆ ಪೆಟ್ಟಿಗೆ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಸಂಕ್ರಾಂತಿ ಕಳೆದ ಮೇಲೆ ನಮ್ಮ ತಂಡ ತುಮಕೂರಿನಲ್ಲಿ ಮೂರು ಸಂಗೀತ ನಾಟಕ ಆಡುತ್ತಿದೆ. ಮೂರು ಶನಿವಾರ, ಮೂರು ನಾಟಕ. ಅದರ ಬಗ್ಗೆ ಎಂಟು ನಿಮಿಷ ಮಾತಾಡಿ ಅಂತ ಬಾನುಲಿಯವರು ಕರೆದಿದ್ದಾರೆ.

ಈಗ ಯಾರು ಕೇಳುತ್ತಿರಬಹುದು ಅಂತ ನನಗೊಂದು ಅಂದಾಜಿದೆ. ಕ್ಯಾತ್ಸಂದ್ರದಲ್ಲಿ ಅಂಗಡಿ ಬಾಗಿಲು ತೆಗೆದು ಕೂತವರು. ತಿಪಟೂರಿನಲ್ಲಿ ಕೊಬ್ಬರಿ ಸುಲಿಯುತ್ತಾ ರೇಡಿಯೋ ಹಾಕಿಕೊಂಡವರು. ಬಸ್ಸಿನ ಡ್ರೈವರಣ್ಣ. ನಿಮ್ಮಲ್ಲಿ ಸುಮಾರು ಜನ ಊರ ಕುರುಕ್ಷೇತ್ರದಲ್ಲಿ ಒಂದು ಪಾರ್ಟು ಮಾಡಿದವರೇ ಇರುತ್ತೀರಿ. ಭೀಮನಲ್ಲದಿದ್ದರೆ ಸಾರಥಿ. ಅದಕ್ಕೇ ನಿಮಗೆ ನಾಟಕ ಅಂದರೇನು ಅಂತ ಹೇಳಿಕೊಡುವುದಿಲ್ಲ. ಒಂದೇ ವಿಷಯ ಹೇಳುತ್ತೇನೆ. ಈ ಮೂರು ನಾಟಕಗಳಲ್ಲಿ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಹಾಡು, ಇಲ್ಲ. ಪೆನ್‌ಡ್ರೈವ್ ಇಲ್ಲ. ನಟ ಹಾಡುತ್ತಾನೆ, ಪೆಟ್ಟಿಗೆ ಜೊತೆಗಿರುತ್ತೆ, ತಬಲಾ ಜೊತೆಗಿರುತ್ತೆ. ಅಷ್ಟೇ.

ಯಾಕೆ ಇಷ್ಟು ಹಠ ಅಂತೀರಾ? ಪೆಟ್ಟಿಗೆ ಕಾಯುತ್ತೆ, ಟ್ರ್ಯಾಕ್ ಕಾಯಲ್ಲ.

ಕಂದಪದ್ಯವನ್ನೇ ನೋಡಿ. ನಾಟಕದಲ್ಲಿ ಕಂದ ಹಾಡುವಾಗ ತಾಳದ ಕಟ್ಟಿಲ್ಲ. ನಟನಿಗೆ ಉಸಿರಿದ್ದಷ್ಟು ಹೊತ್ತು ಎಳೆಯುತ್ತಾನೆ. ಒಂದು ಮಾತು ಅವನ ಮನಸ್ಸಿಗೆ ಹಿಡಿದರೆ ಅದನ್ನೇ ಎರಡು ಸಲ, ಮೂರು ಸಲ ಹಾಡುತ್ತಾನೆ. ಅವನು ಎಲ್ಲಿ ನಿಲ್ಲುತ್ತಾನೆ ಅಂತ ಅವನಿಗೇ ಗೊತ್ತಿರುವುದಿಲ್ಲ. ನಾನು ಅವನ ಗಂಟಲು ನೋಡುತ್ತಾ ಕೂತಿರುತ್ತೇನೆ. ಅವನು ಬಿಟ್ಟ ಕಡೆ ನಾನು ಹಿಡಿಯುತ್ತೇನೆ. ಇದನ್ನು ಮುಂಚೆಯೇ ರೆಕಾರ್ಡ್ ಮಾಡಿಡುವುದು ಹೇಗೆ, ನೀವೇ ಹೇಳಿ.

ಇದೇನು ನಾನು ಕಂಡುಹಿಡಿದದ್ದಲ್ಲ. ನಮ್ಮ ಜಿಲ್ಲೆಯ ಆಸ್ತಿ ಇದು. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಯಿತು. ಚಿಕ್ಕ ಹುಡುಗನಾಗಿ ಅದರೊಳಗೆ ಹೋದ ವೀರಣ್ಣನವರು ಮುಂದೆ ಅದರ ಮಾಲೀಕರೇ ಆದರು. ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದವರು ಅವರು. ಆನೆ ಕಥೆ ಎಲ್ಲರೂ ಹೇಳುತ್ತಾರೆ, ಹಾಡಿನ ಕಥೆ ಯಾರೂ ಹೇಳಲ್ಲ. ಮೈಕ್ ಇಲ್ಲದ ಕಾಲ. ಕೊನೇ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಮಾತೂ ಕೇಳಬೇಕು. ನಾಲ್ಕು ಮನೆ, ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದರು ಗಂಡಸರು. ಮನೆ ಅಂದರೆ ಪೆಟ್ಟಿಗೆಯ ಕೀ, ಮನೆ ಏರಿದಷ್ಟೂ ದನಿ ಎತ್ತರ. ಈಗಿನ ಹುಡುಗರಿಗೆ ಒಂದೂವರೆ ಮನೆ ಕೊಟ್ಟರೂ ನೀರು ಕೇಳುತ್ತಾರೆ. ಬೈಯುತ್ತಿಲ್ಲ, ಇದ್ದದ್ದು ಹೇಳಿದೆ.

ಒಂದು ಘಟನೆ ಹೇಳಲೇಬೇಕು. ಆಗ ನನಗೆ ಹದಿನೆಂಟು. ನನ್ನ ಗುರುಗಳ ಪಕ್ಕದಲ್ಲಿ ಕೂತು ಪುಸ್ತಕದ ಹಾಳೆ ತಿರುವುವುದು ನನ್ನ ಕೆಲಸ. ತುರುವೇಕೆರೆ ಕಡೆ ಒಂದು ಹಳ್ಳಿ, ರಾತ್ರಿಯೆಲ್ಲಾ ಕುರುಕ್ಷೇತ್ರ. ನಿಮಗೆ ಗೊತ್ತಲ್ಲ, ಹಳ್ಳಿ ನಾಟಕದಲ್ಲಿ ಪಾರ್ಟು ಮಾಡುವವರೇ ಒಂದೊಂದು ಪಾರ್ಟಿಗೆ ಇಂತಿಷ್ಟು ಅಂತ ದುಡ್ಡು ಕಟ್ಟಬೇಕು. ಕರ್ಣನ ಪಾರ್ಟು ಮಾಡಿದ್ದವನು ಕೊಬ್ಬರಿ ವ್ಯಾಪಾರದ ಹುಡುಗ. ಮೂರು ತಿಂಗಳು ಅಭ್ಯಾಸ ಮಾಡಿದ್ದ. ಕುಂತಿ ಪಾರ್ಟಿಗೆ ಹೊರಗಿನಿಂದ ಕಲಾವಿದೆ ಬಂದಿದ್ದರು.

ಬೆಳಗಿನ ಜಾವ ಮೂರೂವರೆ ಇರಬಹುದು. ಕುಂತಿ ಕರ್ಣನ ಹತ್ತಿರ ಬಂದು ನಾನೇ ನಿನ್ನ ತಾಯಿ ಅನ್ನುವ ಸೀನು. ಸಿಂಧುಭೈರವಿಯಲ್ಲಿ ಕಂದ. ಹುಡುಗ ಚೆನ್ನಾಗಿಯೇ ಎತ್ತಿಕೊಂಡ. ಎರಡನೇ ಸಾಲಿಗೆ ಬಂದಿದ್ದಾನೆ, ಪಕ್ಕದ ಮೆಟ್ಟಿಲಿಂದ ಒಬ್ಬ ಅಜ್ಜಿ ಹತ್ತಿ ಬಂದರು. ಕೈಯಲ್ಲಿ ಸೇವಂತಿಗೆ ಹಾರ, ನೂರರ ನೋಟು, ಒಂದು ಪಿನ್ನು. ಹುಡುಗನ ತಾಯಿ! ಮಗನಿಗೆ ಮೆಚ್ಚುಗೆ ಹಾಕಲು ಬಂದದ್ದು. ಮೊದಲೇ ಬನ್ನಿ ಅಂದರೆ ನಿದ್ದೆ ಹೋಗಿದ್ದರಂತೆ. ಹಾರ ಹಾಕಿದರು. ನೋಟಿಗೆ ಪಿನ್ನು ಚುಚ್ಚುವಾಗ ಅದು ಅಂಗಿ ದಾಟಿ ಎದೆಗೂ ತಾಗಿತು. ಹುಡುಗ ‘ಹಾ’ ಅಂದ. ಅದೂ ಶ್ರುತಿಯಲ್ಲೇ ಇತ್ತು, ಅದು ಬೇರೆ ಮಾತು. ಆಮೇಲೆ ಅಜ್ಜಿ ಕೆಳಗಿಳಿಯಬೇಕಲ್ವಾ? ಇಳಿಯಲಿಲ್ಲ. ಕುಂತಿ ಕಡೆ ತಿರುಗಿದರು. ಆಯಮ್ಮನ್ನ ಮೇಲಿಂದ ಕೆಳಕ್ಕೆ ನೋಡಿದರು. ‘ಮಗೀನ ನೀರಿಗ್ ಬಿಟ್ಟೋಳು, ಈಗ ಬಂದ್ಯೇನವ್ವಾ?’ ಅಂದರು.

ಜನ ಮೊದಲು ನಕ್ಕರು. ಹುಡುಗ ನಗಲಿಲ್ಲ. ಅವನ ಗಂಟಲು ಕಟ್ಟಿತು. ತಾಯಿಯ ಮುಖ ನೋಡುತ್ತಾ ನಿಂತುಬಿಟ್ಟ, ಕಣ್ಣಿನ ಕಾಡಿಗೆ ಕೆನ್ನೆ ಮೇಲೆ ಇಳಿಯಿತು. ಕುಂತಿ ಮಾಡುತ್ತಿದ್ದ ಕಲಾವಿದೆಯೂ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಗಾಬರಿಯಾಗಿ ಹಾಳೆ ತಿರುವಲು ಹೋದೆ. ಗುರುಗಳು ನನ್ನ ಕೈ ಮೇಲೆ ಒಂದು ಏಟು ಹಾಕಿದರು. ಷಡ್ಜ, ಪಂಚಮ ಎರಡನ್ನೂ ಒತ್ತಿ ಹಿಡಿದರು. ಕಾಲು ಮಾತ್ರ ಪೆಡಲ್ ತುಳಿಯುತ್ತಾ ಇತ್ತು. ಬೇರೇನೂ ಇಲ್ಲ. ಎಷ್ಟು ಹೊತ್ತು ಅಂತೀರಿ? ಅಜ್ಜಿ ಮೆಟ್ಟಿಲಿಳಿದು, ಜನರ ಮಧ್ಯೆ ದಾರಿ ಮಾಡಿಕೊಂಡು, ಚಾಪೆ ಮೇಲೆ ಕೂರುವವರೆಗೆ. ಯಾರೂ ಶಿಳ್ಳೆ ಹಾಕಲಿಲ್ಲ, ಯಾರೂ ಕೆಮ್ಮಲಿಲ್ಲ. ಆಮೇಲೆ ಹುಡುಗ ಮೂರನೇ ಸಾಲು ಎತ್ತಿಕೊಂಡ. ದನಿ ಅರ್ಧ ಮನೆ ಇಳಿದಿತ್ತು. ಗುರುಗಳೂ ಅರ್ಧ ಮನೆ ಇಳಿದರು, ಕೂದಲೆಳೆಯಷ್ಟೂ ಗೊತ್ತಾಗಲಿಲ್ಲ. ಪದ್ಯ ಮುಗಿದಾಗ ಒನ್ಸ್ ಮೋರ್ ಅಂದರು ನೋಡಿ ಜನ, ಪಕ್ಕದ ಊರಿನ ನಾಯಿಗಳೂ ಬೊಗಳಿರಬೇಕು.

ಅಲ್ಲಿ ಟ್ರ್ಯಾಕ್ ಇದ್ದಿದ್ದರೆ? ಅಜ್ಜಿ ಪಿನ್ನು ಚುಚ್ಚುವಷ್ಟರಲ್ಲಿ ಪದ್ಯ ಮುಗಿದು ಯುದ್ಧದ ಕಹಳೆ ಊದಿರುತ್ತಿತ್ತು! ಸುಮ್ನೆ ಹೇಳುತ್ತಿಲ್ಲ. ಹೋದ ವರ್ಷ ಒಂದು ದೊಡ್ಡ ಊರಿನಲ್ಲಿ, ಯಾವ ತಂಡ ಅಂತ ಬೇಡ, ದ್ರೌಪದಿ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ, ಹಾಡು ತನ್ನ ಪಾಡಿಗೆ ನಡೆಯುತ್ತಿದೆ. ಸೀರೆ ಸೆಳೆಯುವ ದುಶ್ಶಾಸನನಿಗೇ ಅಯ್ಯೋ ಅನ್ನಿಸಿರಬೇಕು.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಎರಡೇ ನಿಮಿಷವಂತೆ. ಮೂರು ನಾಟಕದ ಬಗ್ಗೆ ಇನ್ನೂ ಹೇಳಿಯೇ ಇಲ್ಲ.

ಬೇಗ ಹೇಳುತ್ತೇನೆ. ಮೊದಲನೆಯದು ಸದಾರಮೆ. ಬರೆದವರು ನಮ್ಮ ಬೆಳ್ಳಾವಿಯವರೇ, ಬೆಳ್ಳಾವೆ ನರಹರಿ ಶಾಸ್ತ್ರಿಗಳು. 1934ರಲ್ಲಿ ಬಂದ ಸತಿ ಸುಲೋಚನಾ ಚಿತ್ರಕ್ಕೂ ಮಾತು, ಹಾಡು ಅವರದೇ. ಸದಾರಮೆಯ ಕಳ್ಳನ ಪಾರ್ಟು ಅಂದರೆ ವೀರಣ್ಣನವರು. ನಮ್ಮ ಕಳ್ಳ ಅವರಂತೆ ಮಾಡಲು ಹೋಗಿಲ್ಲ, ಪುಣ್ಯಕ್ಕೆ. ಎರಡನೆಯದು ಕುರುಕ್ಷೇತ್ರ, ರಾತ್ರಿಯೆಲ್ಲಾ ಅಲ್ಲ, ಮೂರೂವರೆ ಗಂಟೆ. ಮೂರನೆಯದು ಗಿರೀಶ ಕಾರ್ನಾಡರ ಹಯವದನ. ಅದು ಕಂಪನಿ ನಾಟಕ ಅಲ್ಲವಲ್ಲ ಅಂತ ಕೆಲವರು ಮೂಗು ಮುರಿದರು. ಅದನ್ನು ರಂಗಕ್ಕೆ ತಂದು ಸಂಗೀತ ಕೊಟ್ಟ ಬಿ.ವಿ. ಕಾರಂತರು ಹುಡುಗನಾಗಿ ಬೆಳೆದದ್ದು ಎಲ್ಲಿ? ಗುಬ್ಬಿ ಕಂಪನಿಯಲ್ಲಿ! ಓದಲು ಕಾಶಿಗೆ ಕಳಿಸಿದವರೂ ವೀರಣ್ಣನವರೇ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಆ ಅಜ್ಜಿ ಸಮಯ ತಿಂದುಬಿಟ್ಟರು.

ಟಿಕೆಟ್ ಬಾಗಿಲಲ್ಲೇ ಸಿಗುತ್ತದೆ. ಮಕ್ಕಳನ್ನು ಕರೆತನ್ನಿ, ಅತ್ತರೆ ಅಳಲಿ, ಪೆಟ್ಟಿಗೆ ಕಾಯುತ್ತೆ. ಮೊಬೈಲ್ ಮಾತ್ರ ಆಫ್ ಮಾಡಿ, ಅದರ ರಿಂಗ್‌ಟೋನಿಗೆ ಶ್ರುತಿ ಹೊಂದಿಸಲು ನನಗೆ ಬರಲ್ಲ. ಹಾಡು ಹಿಡಿಸಿದರೆ ಒನ್ಸ್ ಮೋರ್ ಅನ್ನಿ, ನಾಚಿಕೆ ಬೇಡ. ಮತ್ತೆ ಹಾಡುತ್ತಾರೆ, ಇನ್ನೊಂದು ಥರ ಹಾಡುತ್ತಾರೆ. ಹಾರ, ನೋಟು ತರುವವರು ತನ್ನಿ. ಪಿನ್ನು ಬೇಡ.

ಪರದೆ ಏಳುವುದು ಆರೂವರೆಗೆ. ಆರೂಕಾಲಿಗೇ ಬಂದರೆ ಶ್ರುತಿ ಕೂಡಿಸುವುದನ್ನೂ ಕೇಳಬಹುದು. ನಮಸ್ಕಾರ.