ಮನೆಯನ್ನೇ ಓಡಿಸಿಕೊಂಡು ಹೊರಟವರಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಮಂಗಳೂರು, ಉಡುಪಿ ಕಡೆಯ ಮಕ್ಕಳು ಹೊರದೇಶಕ್ಕೆ ಹೋಗುವುದು ಹೊಸದೇನಲ್ಲ. ಮೊದಲು ಹೆಚ್ಚಿನವರು ಗಲ್ಫಿಗೆ ಹೋಗುತ್ತಿದ್ದರು. ಈಗ ಆಕ್ಲೆಂಡ್, ಕ್ರೈಸ್ಟ್‌ಚರ್ಚ್, ಮೆಲ್ಬರ್ನ್ ಎಲ್ಲ ಸೇರಿಕೊಂಡಿವೆ. ಮಗಳು ಅಲ್ಲಿದ್ದಾಳೆ ಎಂದ ಮೇಲೆ ಒಮ್ಮೆ ಹೋಗಿ ಬರಬೇಕಲ್ವಾ? ಹಾಗೆ ಹೊರಟವರಿಗೆ ಮಕ್ಕಳಿಂದ ಫೋನು ಬರುತ್ತದೆ. "ಹೋಟೆಲ್ ಎಲ್ಲ ಬೇಡ ಅಪ್ಪ, ಮೋಟಾರ್‌ಹೋಮ್ ಬಾಡಿಗೆಗೆ ತಗೊಳ್ಳುವಾ. ಎಲ್ಲರೂ ಒಟ್ಟಿಗೆ ಹೋಗಬಹುದು."

ಇವತ್ತು ನ್ಯೂಜಿಲೆಂಡನ್ನು ಹಿಡಿದುಕೊಂಡು ಮಾತಾಡುತ್ತೇನೆ. ಮೋಟಾರ್‌ಹೋಮ್‌ನಲ್ಲಿ ತಿರುಗಾಡುವುದಕ್ಕೆ ಬೇಕಾದ ವ್ಯವಸ್ಥೆ ಅಲ್ಲಿ ಊರೂರಿಗೆ ಇದೆ. ಮೇಲಾಗಿ ನಮ್ಮ ಹಾಗೆ ಅಲ್ಲೂ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುತ್ತಾರೆ. ಅರ್ಧ ಹೆದರಿಕೆ ಅಲ್ಲಿಗೇ ಹೋಯಿತು.

ಮೋಟಾರ್‌ಹೋಮ್ ಅಂದರೆ ಟೆಂಪೋ ಟ್ರಾವೆಲರ್‌ಗಿಂತ ಎತ್ತರದ ಒಂದು ಗಾಡಿ. ಒಳಗೆ ಮಂಚ, ಗ್ಯಾಸ್ ಒಲೆ, ಫ್ರಿಜ್, ಪಾತ್ರೆ ತೊಳೆಯುವ ಸಿಂಕ್ ಇರುತ್ತವೆ. ಒಂದು ಚಿಕ್ಕ ಟಾಯ್ಲೆಟ್ಟೂ ಇರುತ್ತದೆ. ಆರು ಜನರ ಗಾಡಿ 7 ಮೀಟರ್ ಉದ್ದ, 3 ಮೀಟರಿಗಿಂತ ಎತ್ತರ. ಇದನ್ನು ಕೇಳಿದ ಕೂಡಲೇ ನಮ್ಮವರಿಗೆ ಬರುವ ಯೋಚನೆ ಏನು ಗೊತ್ತಾ? ಅಳಿಯ ಗಾಡಿ ಓಡಿಸುತ್ತಾನೆ, ಅತ್ತೆ ಹಿಂದೆ ನಿಂತು ನೀರುದೋಸೆ ಹುಯ್ಯುತ್ತಾರೆ, ಮೊಮ್ಮಕ್ಕಳು ಮಂಚದ ಮೇಲೆ ಮಲಗಿರುತ್ತಾರೆ. ಅದೆಲ್ಲ ನಡೆಯುವುದಿಲ್ಲ. ಗಾಡಿ ಹೊರಟ ಮೇಲೆ ಎಲ್ಲರೂ ಸೀಟಿನಲ್ಲಿ ಕೂತು ಬೆಲ್ಟ್ ಹಾಕಲೇಬೇಕು. 7 ವರ್ಷ ತುಂಬದ ಮಕ್ಕಳಿಗೆ ಮಕ್ಕಳ ಸೀಟು ಬೇಕು, ಅದು ಕಾನೂನು. ದೋಸೆ ಏನಿದ್ದರೂ ಗಾಡಿ ನಿಂತ ಮೇಲೆ.

ಹೆಚ್ಚಿನವರು ಪ್ರವಾಸದ ಲೆಕ್ಕವನ್ನು ನೋಡುವ ಜಾಗಗಳಿಂದ ಶುರುಮಾಡುತ್ತಾರೆ. ಸರೋವರ ಆಯಿತು, ಹಿಮದ ಬೆಟ್ಟ ಆಯಿತು, ಜಲಪಾತ ಆಯಿತು, ಎಲ್ಲವನ್ನೂ ಹತ್ತು ದಿನದೊಳಗೆ ತುರುಕುವುದು. ನನ್ನ ಪ್ರಕಾರ ಮೋಟಾರ್‌ಹೋಮ್‌ಗೆ ಈ ಲೆಕ್ಕ ಆಗಿಬರುವುದಿಲ್ಲ. ರಾತ್ರಿ ಎಲ್ಲಿ ನಿಲ್ಲಿಸುವುದು, ನೀರು ಎಲ್ಲಿ ತುಂಬಿಸುವುದು, ಕೊಳೆ ಎಲ್ಲಿ ಖಾಲಿ ಮಾಡುವುದು, ಈ ಮೂರನ್ನು ಮೊದಲು ಬರೆದುಕೊಳ್ಳಿ. ಸರೋವರ ಅದರ ನಡುವೆ ತಾನಾಗಿ ಸಿಗುತ್ತದೆ. ಆ ದೇಶದಲ್ಲಿ ಸರೋವರಕ್ಕೇನು ಬರ?

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿಯ ಅಡಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕ್ ಇರುತ್ತದೆ, ಸಾಮಾನ್ಯವಾಗಿ 100 ಲೀಟರಿನ ಆಸುಪಾಸು. ಸಿಂಕಿನಲ್ಲಿ, ಸ್ನಾನಕ್ಕೆ ಬಳಸಿದ ನೀರು ಇನ್ನೊಂದು ಟ್ಯಾಂಕಿಗೆ ಹೋಗುತ್ತದೆ. ಟಾಯ್ಲೆಟ್ಟಿನದ್ದು ಬೇರೆಯೇ ಪೆಟ್ಟಿಗೆ, ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಗಾಡಿಯ ಹೊರಬದಿಯಲ್ಲಿ ಚಿಕ್ಕ ಬಾಗಿಲು ಇರುತ್ತದೆ, ಅದನ್ನು ತೆಗೆದು ಪೆಟ್ಟಿಗೆಯನ್ನು ಹೊರಗೆ ಎಳೆಯಬೇಕು. ಕೆಲವಕ್ಕೆ ಚಕ್ರ, ಹಿಡಿ ಎಲ್ಲ ಇರುತ್ತದೆ, ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಬಹುದು. ಡಂಪ್ ಸ್ಟೇಷನ್ ಎಂಬ ಜಾಗಕ್ಕೆ ಒಯ್ದು ಸುರಿದು, ತೊಳೆದು, ಮದ್ದಿನ ನೀರು ಹಾಕಿ ವಾಪಸ್ ತಳ್ಳಬೇಕು. ಡಂಪ್ ಸ್ಟೇಷನ್‌ಗಳು ಊರೂರಿನಲ್ಲಿ ಇವೆ, ಫೋನಿನ ಆ್ಯಪ್‌ನಲ್ಲಿ ಎಲ್ಲಿ ಎಂದು ಸಿಗುತ್ತದೆ. ಕಾಡಿನಲ್ಲೋ ಹೊಳೆ ಬದಿಯಲ್ಲೋ ಸುರಿದರೆ ದಂಡ. ನಾಲ್ಕೈದು ಜನ ಅದೇ ಟಾಯ್ಲೆಟ್ ಬಳಸಿದರೆ ಒಂದೆರಡು ದಿನದಲ್ಲಿ ಪೆಟ್ಟಿಗೆ ತುಂಬುತ್ತದೆ. ಅದಕ್ಕೇ ಜಾಣರು ಹಗಲು ಹೊತ್ತು ಊರಿನ ಸಾರ್ವಜನಿಕ ಶೌಚಾಲಯವನ್ನೇ ಬಳಸುತ್ತಾರೆ. ಅಲ್ಲಿ ಅವು ಚೊಕ್ಕವಾಗಿಯೇ ಇರುತ್ತವೆ.

ಈ ಟಾಯ್ಲೆಟ್‌ಗೂ ರಾತ್ರಿ ನಿಲ್ಲುವುದಕ್ಕೂ ಸಂಬಂಧ ಇದೆ. ನ್ಯೂಜಿಲೆಂಡಿನಲ್ಲಿ ಫ್ರೀಡಮ್ ಕ್ಯಾಂಪಿಂಗ್ ಅಂತ ಇದೆ. ಹಣ ಕೊಡದೆ, ಗೊತ್ತುಮಾಡಿದ ಜಾಗಗಳಲ್ಲಿ ಗಾಡಿ ನಿಲ್ಲಿಸಿ ಮಲಗುವುದು. ಇಷ್ಟ ಬಂದಲ್ಲಿ ಅಂತಲ್ಲ. 2023ರಲ್ಲಿ ಕಾನೂನು ಬಿಗಿಯಾಯಿತು. ಗಾಡಿಯಲ್ಲಿ ಕೂರಿಸಿದ ಟಾಯ್ಲೆಟ್ ಇರಬೇಕು. ಮೂರು ದಿನಕ್ಕೆ ಸಾಕಾಗುವಷ್ಟು ನೀರು, ಕೊಳೆನೀರಿಗೆ ಜಾಗ ಇರಬೇಕು. ಅದನ್ನು ಪರೀಕ್ಷಿಸಿ ಹಸಿರು ಚೀಟಿ ಕೊಡುತ್ತಾರೆ, ಅದನ್ನು ಗಾಡಿಯಲ್ಲಿ ಕಾಣುವ ಹಾಗೆ ಇಡಬೇಕು. ಹಾಗಿಲ್ಲದ ಗಾಡಿಯಲ್ಲಿ ಮಲಗಿದರೆ 400 ಡಾಲರ್ ದಂಡ. ಡಾಲರ್ ಅಂದರೆ ಇಲ್ಲೆಲ್ಲ ನ್ಯೂಜಿಲೆಂಡ್ ಡಾಲರ್. ಇದರ ಮೇಲೆ ಒಂದೊಂದು ಊರಿನ ಕೌನ್ಸಿಲ್‌ಗೂ ಅದರದ್ದೇ ನಿಯಮ ಇರುತ್ತದೆ. ಬೋರ್ಡ್ ಓದದೆ ನಿಲ್ಲಿಸಬೇಡಿ.

ಹಣ ಕೊಟ್ಟು ನಿಲ್ಲುವ ಜಾಗಕ್ಕೆ ಹಾಲಿಡೇ ಪಾರ್ಕ್ ಎನ್ನುತ್ತಾರೆ. ಕರೆಂಟ್ ಇರುವ ಜಾಗ ಕೇಳಿ ಪಡೆಯಿರಿ. ಯಾಕೆ ಅಂತ ಹೇಳುತ್ತೇನೆ. ಗಾಡಿಯ ಒಳಗಿನ ಬ್ಯಾಟರಿಯಲ್ಲಿ ದೀಪ, ಫ್ರಿಜ್, ನೀರಿನ ಪಂಪ್ ನಡೆಯುತ್ತವೆ. ಮೈಕ್ರೋವೇವ್, ಕೆಟಲ್, ಗೋಡೆಯ ಪ್ಲಗ್ ನಡೆಯಬೇಕಾದರೆ ಹೊರಗಿನಿಂದ ಕರೆಂಟ್ ಕೊಡಬೇಕು. ನಮ್ಮ ಹೆಂಗಸರು ಕೇಳುವ ಮೊದಲ ಪ್ರಶ್ನೆ, "ಮಿಕ್ಸಿ ತಿರುಗುತ್ತದಾ?" ತಿರುಗುತ್ತದೆ. ಅಲ್ಲಿಯ ಕರೆಂಟೂ ನಮ್ಮ ಹಾಗೆ 230 ವೋಲ್ಟೇ. ಪ್ಲಗ್ಗಿನ ಕಾಲು ಮಾತ್ರ ಓರೆ, ಒಂದು ಅಡಾಪ್ಟರ್ ಬೇಕು. ಆದರೆ ಕರೆಂಟ್ ಇಲ್ಲದ ಜಾಗದಲ್ಲಿ ಮಿಕ್ಸಿ ಸುಮ್ನೆ ಕೂರುತ್ತದೆ. ಹಾಗಾಗಿ ಎರಡು ರಾತ್ರಿ ಬೆಟ್ಟದ ಬದಿ ನಿಂತರೆ, ಮೂರನೇ ರಾತ್ರಿ ಹಾಲಿಡೇ ಪಾರ್ಕ್ ಅಂತ ಇಟ್ಟುಕೊಳ್ಳಿ. ಬಟ್ಟೆ ಒಗೆಯುವುದು, ಬಿಸಿನೀರಿನ ಸ್ನಾನ, ಮಸಾಲೆ ಕಡೆಯುವುದು ಎಲ್ಲ ಅಲ್ಲಿ ಮುಗಿಯುತ್ತದೆ. ಅಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಅಡುಗೆಮನೆಯೂ ಇರುತ್ತದೆ. ಮೀನು ಹುರಿಯುವುದಿದ್ದರೆ ದಯವಿಟ್ಟು ಅಲ್ಲೇ ಹುರಿಯಿರಿ. ಗಾಡಿಯ ಒಳಗೆ ಹುರಿದರೆ ಆ ಪರಿಮಳದ ಜೊತೆಗೇ ಮಲಗಬೇಕು, ಒಂದು ದಿನಕ್ಕೆ ಹೋಗುವಂಥದ್ದಲ್ಲ ಅದು.

ತಿಂಡಿ ಸಾಮಾನಿನ ವಿಷಯಕ್ಕೆ ಬರೋಣ. ನಮ್ಮವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹಪ್ಪಳ, ಉಪ್ಪಿನಕಾಯಿ, ಕೋರಿ ರೊಟ್ಟಿ, ಒಣಮೀನು, ತುಪ್ಪ ಜಾಸ್ತಿ ಅಲ್ವಾ? ನ್ಯೂಜಿಲೆಂಡಿನವರು ಈ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ದ್ವೀಪದ ದೇಶ, ಬೇಸಾಯ ಅವರ ಜೀವಾಳ. ಹೊರಗಿನ ರೋಗ, ಹುಳ ಬರಬಾರದು ಎಂದು ಕಾಯುತ್ತಾರೆ. ಜೇನುತುಪ್ಪ ಒಯ್ಯುವ ಹಾಗೇ ಇಲ್ಲ. ಉಳಿದ ಯಾವುದೇ ತಿನ್ನುವ ವಸ್ತು ಇದ್ದರೂ ಇಳಿಯುವ ಮೊದಲು ತುಂಬುವ ಅರ್ಜಿಯಲ್ಲಿ 'ಇದೆ' ಎಂದು ಬರೆಯಿರಿ. ಬರೆದರೆ ಹೆಚ್ಚೆಂದರೆ ನೋಡಿ ತೆಗೆದಿಡುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ವಿಮಾನದಲ್ಲಿ ಕೊಟ್ಟ ಸೇಬು ಚೀಲದಲ್ಲಿ ಮರೆತು ಹೋದರೂ ಬಿಡುವುದಿಲ್ಲ. ನನ್ನನ್ನು ಕೇಳಿದರೆ, ಹೊತ್ತುಕೊಂಡು ಹೋಗುವ ಗೋಜೇ ಬೇಡ. ಆಕ್ಲೆಂಡ್, ಕ್ರೈಸ್ಟ್‌ಚರ್ಚ್‌ನಲ್ಲಿ ಭಾರತದ ಸಾಮಾನಿನ ಅಂಗಡಿಗಳು ಬೇಕಾದಷ್ಟು ಇವೆ. ತುರಿದು ಫ್ರೀಜ್ ಮಾಡಿದ ತೆಂಗಿನಕಾಯಿ ಕೂಡ ಸಿಗುತ್ತದೆ. ಕಾಯಿ ಸಿಕ್ಕಿದ ಮೇಲೆ ಕರಾವಳಿಯವರಿಗೆ ಇನ್ನೇನು ಬೇಕು?

ಕಾಗದಪತ್ರದ್ದು ಚುಟುಕಾಗಿ ಹೇಳಿಬಿಡುತ್ತೇನೆ. ಭಾರತದವರಿಗೆ ವೀಸಾ ಬೇಕೇ ಬೇಕು, ಆನ್‌ಲೈನ್‌ನಲ್ಲಿ ಅರ್ಜಿ. ಅದರ ಜೊತೆ 100 ಡಾಲರ್ ಪ್ರವಾಸಿ ಶುಲ್ಕ ಬೇರೆ. ವೀಸಾ ಬಂದ ಮೇಲೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ನಮ್ಮ ಆರ್‌ಟಿಒದಲ್ಲೇ ಆಗುತ್ತದೆ. ಫಾರ್ಮ್ 4ಎ, ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ಅದೇ ಸಾಕು ಎಂದು ಅಲ್ಲಿಯ ಕಾನೂನು ಹೇಳುತ್ತದೆ. ಆದರೂ ಬಾಡಿಗೆ ಕಂಪನಿಯವರು ಕೇಳಿದರೆ ಕೈಯಲ್ಲಿ ಇರಲಿ. ಒರಿಜಿನಲ್ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಹೋಗಬೇಡಿ, ಪರ್ಮಿಟ್ ಅದರ ಜೊತೆಗೇ ನಡೆಯುವುದು.

ಇನ್ನು ಓಡಿಸುವುದು. ನಂತೂರು ವೃತ್ತದಲ್ಲಿ ದಿನಾ ಗಾಡಿ ನುಗ್ಗಿಸುವವರಿಗೆ ಅಲ್ಲಿ ಕಷ್ಟ ಆಗುವುದು ರಸ್ತೆಯಿಂದಲ್ಲ, ಖಾಲಿ ರಸ್ತೆಯ ಶಿಸ್ತಿನಿಂದ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಬಿಡಲೇಬೇಕು. ಕೆಂಪು ದೀಪ ಇದ್ದಾಗ ಎಡಕ್ಕೆ ತಿರುಗುವ ಹಾಗಿಲ್ಲ. ಹಾರ್ನ್ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಹೊರ ರಸ್ತೆಯಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್, ಆದರೆ 3500 ಕಿಲೋಗಿಂತ ಭಾರದ ಗಾಡಿಗೆ 90 ಮಾತ್ರ. ಆರು ಜನರ ಮೋಟಾರ್‌ಹೋಮ್ ಆದರೆ ಹೆಚ್ಚಾಗಿ ಈ 90ರ ಲೆಕ್ಕಕ್ಕೇ ಬರುತ್ತದೆ.

ಅಲ್ಲಿಯ ಒಂದು ವಿಶೇಷ, ಒಂದೇ ಗಾಡಿ ಹಿಡಿಸುವ ಸೇತುವೆಗಳು. ಹೆದ್ದಾರಿಯಲ್ಲೂ ಇವೆ. ಸೇತುವೆಯ ಮೊದಲು ಬೋರ್ಡ್ ಇರುತ್ತದೆ. ದುಂಡಗಿನ ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದು, ಕೆಂಪು ಬಣ್ಣದ್ದು ಎಂದಾದರೆ ನೀವು ನಿಲ್ಲಬೇಕು, ಎದುರಿನವರು ಬರಲಿ. ನೀಲಿ ಬೋರ್ಡಿನಲ್ಲಿ ದೊಡ್ಡ ಬಿಳಿ ಬಾಣ ನಿಮ್ಮ ಕಡೆ ಇದ್ದರೆ ಮೊದಲ ಹಕ್ಕು ನಿಮ್ಮದು. ಹಾಗಂತ ಎದುರು ನೋಡದೆ ನುಗ್ಗಬೇಡಿ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಎಡಕ್ಕೆ ಸರಿದು ಬಿಟ್ಟುಕೊಡಿ. ಅದಕ್ಕೆಂದೇ ಅಲ್ಲಲ್ಲಿ ರಸ್ತೆ ಅಗಲ ಮಾಡಿದ್ದಾರೆ.

ದೂರದ ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್‌ಗೆ ಸುಮಾರು 480 ಕಿಲೋಮೀಟರ್. ಮ್ಯಾಪ್ ಆರು ಗಂಟೆ ಎನ್ನುತ್ತದೆ, ಅದು ಕಾರಿನ ಲೆಕ್ಕ. ನೀವು ಟೆಕಾಪೋ ಸರೋವರದ ಹತ್ತಿರ ಒಂದು ರಾತ್ರಿ ನಿಂತು ಎರಡು ದಿನ ಮಾಡಿ. ಆಗುಂಬೆಯ 14 ತಿರುವು ಇಳಿದವರಿಗೆ ಬೆಟ್ಟದ ರಸ್ತೆ ಹೊಸದಲ್ಲ. ಆದರೆ ಗಾಳಿ ಹೊಸದು. ಎತ್ತರದ ಗಾಡಿಯನ್ನು ಅಡ್ಡಗಾಳಿ ತಳ್ಳುತ್ತದೆ. ದಿನಕ್ಕೆ 200 ಕಿಲೋಮೀಟರ್ ಬೇಕಾದಷ್ಟಾಯಿತು. ಮಿಲ್ಫರ್ಡ್ ಸೌಂಡ್‌ಗೆ ಹೋಗುವುದಾದರೆ ಟೆ ಅನಾವ್ ಊರಿನಲ್ಲೇ ಡೀಸೆಲ್ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ಸುಮಾರು 120 ಕಿಲೋಮೀಟರ್ ಕಾಡು, ಬೆಟ್ಟ. ಆ ದಾರಿಯಲ್ಲಿ ಕಿಯಾ ಎಂಬ ಹಸಿರು ಗಿಳಿಗಳು ಸಿಗುತ್ತವೆ. ನಿಲ್ಲಿಸಿದ ಗಾಡಿಯ ವೈಪರ್ ರಬ್ಬರನ್ನು ಕಿತ್ತು ತಿನ್ನಲು ನೋಡುತ್ತವೆ. ಚಂದ ಅಂತ ಫೋಟೋ ತೆಗೆಯಿರಿ, ತಿಂಡಿ ಹಾಕಬೇಡಿ.

ಉತ್ತರ ದ್ವೀಪದಿಂದ ದಕ್ಷಿಣ ದ್ವೀಪಕ್ಕೆ ಗಾಡಿ ಸಮೇತ ಹಡಗಿನಲ್ಲಿ ಹೋಗಬೇಕು. ವೆಲ್ಲಿಂಗ್ಟನ್‌ನಿಂದ ಪಿಕ್ಟನ್‌ಗೆ ಸುಮಾರು ಮೂರೂವರೆ ಗಂಟೆ. ಗಾಡಿಯ ಉದ್ದ ನೋಡಿ ದರ. ಡಿಸೆಂಬರ್, ಜನವರಿಯಲ್ಲಿ ಜಾಗ ಬೇಗ ತುಂಬುತ್ತದೆ. ಮೊದಲ ಸಲ ಹೋಗುವವರು ದಕ್ಷಿಣ ದ್ವೀಪ ಒಂದನ್ನೇ ಇಟ್ಟುಕೊಂಡರೆ ಈ ತಲೆಬಿಸಿ ಇಲ್ಲ.

ಯಾವಾಗ ಹೋಗುವುದು? ಅಲ್ಲಿ ಕಾಲ ತಲೆಕೆಳಗು. ಕ್ರಿಸ್‌ಮಸ್ ರಜೆಗೆ ಅಲ್ಲಿ ಬೇಸಿಗೆ, ಜನ ಜಾಸ್ತಿ, ಬಾಡಿಗೆ ಏರಿರುತ್ತದೆ. ನಮ್ಮ ದಸರಾ ರಜೆಗೆ ಅಲ್ಲಿ ವಸಂತ. ಏಪ್ರಿಲ್ ರಜೆಗೆ ಮರಗಳ ಎಲೆ ಹಳದಿ ಕೆಂಪಾಗುವ ಹೊತ್ತು, ಆರೋಟೌನ್ ಕಡೆ ನೋಡಲು ಅದೇ ಸಮಯ. ನನ್ನ ಆಯ್ಕೆ ಏಪ್ರಿಲ್. ಇಲ್ಲಿಯ ಸೆಕೆಯಿಂದಲೂ ತಪ್ಪಿಸಿಕೊಂಡ ಹಾಗಾಯಿತು. ಜೂನ್ ಬಂದರೆ ರಸ್ತೆಯಲ್ಲಿ ಹಿಮ, ಚಕ್ರಕ್ಕೆ ಸರಪಳಿ, ಅದು ಹೊಸಬರಿಗಲ್ಲ.

ಗಾಡಿ ತೆಗೆದುಕೊಳ್ಳುವ ದಿನದ ಬಗ್ಗೆ ಒಂದೆರಡು ಮಾತು. ಬಜ್ಪೆಯಿಂದ ಹೊರಟು ಎರಡು ವಿಮಾನ ಬದಲಿಸಿ ಇಳಿದ ದಿನವೇ ಸ್ಟೇರಿಂಗ್ ಹಿಡಿಯಬೇಡಿ. ಒಂದು ರಾತ್ರಿ ಮಲಗಿ. ಬಾಡಿಗೆ ಕಂಪನಿಗಳ ಬಾಗಿಲು ಹೆಚ್ಚಾಗಿ ಸಂಜೆಯೊಳಗೆ ಮುಚ್ಚುತ್ತದೆ, ತಡವಾಗಿ ಇಳಿದರೆ ಹೇಗೂ ಸಿಗುವುದಿಲ್ಲ. ಅವರು ಗಡಿಬಿಡಿಯಲ್ಲಿ ಎಲ್ಲ ತೋರಿಸುತ್ತಾರೆ. ನೀವು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡೀಸೆಲ್ ಹಾಕುವ ಮುಚ್ಚಳ ಯಾವುದು, ನೀರು ಹಾಕುವ ಮುಚ್ಚಳ ಯಾವುದು ಎಂದು ಎರಡೆರಡು ಸಲ ಕೇಳಿ. ಒಂದರದ್ದು ಇನ್ನೊಂದಕ್ಕೆ ಹೋದರೆ ಆ ಖರ್ಚು ಇನ್ಶೂರೆನ್ಸಿಗೆ ಬರುವುದಿಲ್ಲ. ಗಾಡಿಯ ಮಾಡು, ಅಡಿಭಾಗಕ್ಕೆ ಏನಾದರೂ ಆದರೆ ಹಲವು ಇನ್ಶೂರೆನ್ಸ್ ಕೊಡುವುದಿಲ್ಲ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್, ಇವೆರಡಕ್ಕೆ ಬಾಡಿಗೆ ಗಾಡಿ ಒಯ್ಯುವಂತಿಲ್ಲ. ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ನೋಡಿ ರಸ್ತೆ ತೆರಿಗೆ ಬೇರೆ ಇದೆ. ಪಂಪಿನ ದರ ನೋಡಿ 'ಅಗ್ಗ ಮಾರಾಯ್ರೇ' ಎಂದು ಖುಷಿಪಟ್ಟವರಿಗೆ ಕೊನೆಯ ಬಿಲ್ಲಿನಲ್ಲಿ ಅದು ಸಿಗುತ್ತದೆ.

ವಾಪಸ್ ಕೊಡುವಾಗ ಡೀಸೆಲ್ ತುಂಬಿರಬೇಕು, ಕೊಳೆನೀರು ಖಾಲಿ ಇರಬೇಕು, ಕ್ಯಾಸೆಟ್ ತೊಳೆದಿರಬೇಕು. ಇಲ್ಲದಿದ್ದರೆ ಅದಕ್ಕೆ ಬೇರೆಯೇ ಹಣ ಹಾಕುತ್ತಾರೆ. ಹಾಗಾಗಿ ಆ ಕ್ಯಾಸೆಟ್ ಎಳೆಯುವ ಕೆಲಸ ಯಾರದ್ದು ಎಂದು ಊರಿನಲ್ಲಿರುವಾಗಲೇ ತೀರ್ಮಾನ ಮಾಡಿಕೊಂಡು ಹೊರಡಿ. ಅಲ್ಲಿಗೆ ಹೋದ ಮೇಲೆ ಮಾವ ಅಳಿಯನ ಮುಖ ನೋಡುವುದು, ಅಳಿಯ ಭಾವನ ಮುಖ ನೋಡುವುದು ಬೇಡ.

ನಮಸ್ಕಾರ.